ಬಸ್ತಿಕರ್ಮದಲ್ಲಿ ಸಮ್ಮತಿಯ ಮೇರೆ

ಬಸ್ತಿಗೆ ಯಾರು ಅರ್ಹರು, ಯಾರು ಅನರ್ಹರು ಎಂಬುದನ್ನು ಚರಕ ಸಂಹಿತೆಯ ಸಿದ್ಧಿಸ್ಥಾನವು ವಿವರವಾಗಿ ನಿರೂಪಿಸಿದೆ. ಅಲ್ಲಿಯ ವಿಚಾರ ಮುಖ್ಯವಾಗಿ ರೋಗವನ್ನೂ ದೇಹಬಲವನ್ನೂ ಕುರಿತದ್ದು. ಇಂದಿನ ಶುಶ್ರೂಷೆಗೆ ಮತ್ತೊಂದು ಮೇರೆಯುಂಟು: ರೋಗಿಯ ಇಚ್ಛೆ.

ದಂಡಿಗನಹಳ್ಳಿಯಂತಹ ಊರಿನಲ್ಲಿ ಹಾಸಿಗೆ ಹಿಡಿದ ಮುದುಕಿಯೊಬ್ಬಳನ್ನು ಊಹಿಸೋಣ. ಎನಿಮಾ ಕೊಡಲು ಬಂದ ದಾದಿ ಮಗನನ್ನು ಕೇಳುತ್ತಾಳೆ. ಅವನು ‘ಆಗಲಿ’ ಎನ್ನುತ್ತಾನೆ. ಮುದುಕಿ ಸೆರಗಿನಿಂದ ಮುಖ ಮುಚ್ಚಿಕೊಳ್ಳುತ್ತಾಳೆ. ಇದು ಸಮ್ಮತಿಯೆ? 2008ರಲ್ಲಿ ಸಮೀರಾ ಕೊಹ್ಲಿ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು, ವಿವೇಕವುಳ್ಳ ವಯಸ್ಕ ರೋಗಿಯ ಬದಲು ತಾಯಿ ಕೊಟ್ಟ ಒಪ್ಪಿಗೆ ಸಲ್ಲದೆಂದೂ, ಒಂದು ಕ್ರಿಯೆಗೆ ಕೊಟ್ಟ ಒಪ್ಪಿಗೆ ಇನ್ನೊಂದಕ್ಕೆ ಅನ್ವಯಿಸದೆಂದೂ ನಿರ್ಣಯಿಸಿತು. ಅದು ಶಸ್ತ್ರಚಿಕಿತ್ಸೆಯ ಪ್ರಕರಣ. ಆದರೂ ಅದರ ತತ್ತ್ವ ಇಲ್ಲಿಗೂ ಸಲ್ಲಬೇಕು. ಎನಿಮಾಕ್ಕೆ ಒಪ್ಪಿದವಳು, ಗಟ್ಟಿಗೊಂಡ ಮಲವನ್ನು ಬೆರಳಿನಿಂದ ತೆಗೆಯುವುದಕ್ಕೂ ಒಪ್ಪಿದಂತಾಗದು.

ಹಾಗೆಂದು ಸುಮ್ಮನಿದ್ದುಬಿಡುವುದು ಧರ್ಮವೆ? ಅಲ್ಲ. ಬೆನ್ನುಹುರಿಯ ಮೇಲುಭಾಗಕ್ಕೆ ಪೆಟ್ಟಾದವರಲ್ಲಿ ಮಲ ಕಟ್ಟಿಕೊಂಡರೆ ರಕ್ತದೊತ್ತಡ ಏಕಾಏಕಿ ಏರಿ ಪ್ರಾಣಾಪಾಯವೇ ಒದಗಬಹುದು. ಉಪೇಕ್ಷೆಯೂ ದೋಷವೇ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 30ನೆಯ ಕಲಮು, ಸಮ್ಮತಿ ಸೂಚಿಸಲಾರದವರ ಹಿತಕ್ಕಾಗಿ ಸದ್ಭಾವದಿಂದ ಮಾಡಿದ ಕಾರ್ಯಕ್ಕೆ ಕೆಲವು ನಿರ್ಬಂಧಗಳೊಡನೆ ರಕ್ಷಣೆ ನೀಡುತ್ತದೆ. ‘ಬೇಡ’ ಎನ್ನಬಲ್ಲವಳನ್ನು ಬಲವಂತಪಡಿಸಲು ಅದು ಆಧಾರವಾಗಲಾರದು.

ಆದಕಾರಣ ಮಗನನ್ನು ಹೊರಗೆ ಕಳುಹಿಸಿ, ಬಾಗಿಲು ಹಾಕಿ, ‘ಅಜ್ಜೀ, ಮಾಡಲೆ? ನೋವಾದರೆ ಹೇಳಿ, ನಿಲ್ಲಿಸುತ್ತೇನೆ’ ಎಂದು ಕೇಳುವುದು ಕೇವಲ ಉಪಚಾರದ ಮಾತಲ್ಲ. ಅದು ಚಿಕಿತ್ಸೆಯ ಮೊದಲನೆಯ ಅಂಗ.