ಮೆಟ್ಟಿಲ ಬುಡದ ಮಗು

ಮಕ್ಕಳಂತಾಗದವರಿಗೆ ಸ್ವರ್ಗರಾಜ್ಯವಿಲ್ಲವೆಂಬ ಯೇಸುವಿನ ಬೋಧನೆ ಮತ್ತಾಯನ ಶುಭಸಂದೇಶದ 18ನೇ ಅಧ್ಯಾಯದಲ್ಲಿದೆ. ಅದನ್ನೊಂದು ಸಾಧನಾಮಾರ್ಗವಾಗಿ ಬೆಳೆಸಿದವಳು ಫ್ರಾನ್ಸಿನ ಲಿಸ್ಯೂ ಊರಿನ ಕಾರ್ಮೆಲ್ ಮಠದ ತೆರೇಸಾ. 15ನೇ ವಯಸ್ಸಿಗೆ ಮಠ ಸೇರಿದ ಅವಳು 1897ರಲ್ಲಿ, ಇನ್ನೂ 24ರ ಹರೆಯದಲ್ಲೇ ಕ್ಷಯರೋಗದಿಂದ ತೀರಿಕೊಂಡಳು. ನಮ್ಮೂರುಗಳ 'ಲಿಟಲ್ ಫ್ಲವರ್' ಶಾಲೆಗಳ ಹೆಸರು ಅವಳದೇ. ಶಿಲುಬೆಯನ್ನೂ ತೋಳ್ತುಂಬ ಗುಲಾಬಿಯನ್ನೂ ಅವಚಿಕೊಂಡು ನಿಂತ ಅವಳ ಪ್ರತಿಮೆ ಕಂಡವರಿಗೆ, ಅವಳ 'ಪುಟ್ಟ ದಾರಿ' ಎಂದರೆ ಕಷ್ಟ ಅರಿಯದ ಮುಗ್ಧೆಯೊಬ್ಬಳ ಸಿಹಿ ಭಕ್ತಿ ಎನಿಸುವುದು ಸಹಜ. ಭಕ್ತರಿಗೂ ಟೀಕಾಕಾರರಿಗೂ ಈ ಒಂದು ವಿಷಯದಲ್ಲಿ ಒಮ್ಮತವಿದೆ. ಇಬ್ಬರೂ ಎಡವಿದ್ದಾರೆ ಎಂಬುದು ನನ್ನ ವಾದ. ಅವಳ ಮಗುತನಕ್ಕೆ ನೆಮ್ಮದಿಯ ಆಸರೆ ಇರಲಿಲ್ಲ. ಏನೂ ಕಾಣದಾಗಲೂ ಕಾಲೆತ್ತುವ ಹಟ ಅದು.

ಅವಳ ಕಾಲದ ಫ್ರೆಂಚ್ ಭಕ್ತಿಯಲ್ಲಿ ದೇವರೆಂದರೆ ಲೆಕ್ಕ ಕೇಳುವ ನ್ಯಾಯಾಧೀಶ. ಪಾಪಿಗಳ ಮೇಲಿನ ಆತನ ಕೋಪ ತಮ್ಮ ಮೇಲೆ ಎರಗಲೆಂದು ಕೆಲವು ಸನ್ಯಾಸಿನಿಯರು ತಮ್ಮನ್ನೇ ಬಲಿಯಾಗಿ ಒಪ್ಪಿಸಿಕೊಳ್ಳುತ್ತಿದ್ದರು. 1895ರ ಜೂನಿನಲ್ಲಿ ತೆರೇಸಾ ತನ್ನನ್ನು ಒಪ್ಪಿಸಿಕೊಂಡದ್ದು ಕರುಣೆಗೆ. ಸಿರಿವಂತರ ಮನೆಗಳಿಗೆ ಆಗಷ್ಟೇ ಬರುತ್ತಿದ್ದ ಲಿಫ್ಟನ್ನು ನೆನೆದು, ಪರಿಪೂರ್ಣತೆಯ ಕಡಿದಾದ ಮೆಟ್ಟಿಲು ತನ್ನಿಂದಾಗದು, ಯೇಸುವಿನ ತೋಳುಗಳೇ ತನಗೆ ಲಿಫ್ಟು ಎಂಬರ್ಥದಲ್ಲಿ ಬರೆದಳು. ಹಾಗಾದರೆ ಇದು ಕೈಕಟ್ಟಿ ಕೂರುವ ಧರ್ಮವಲ್ಲವೇ? ಆಕ್ಷೇಪ ನಮಗೆ ಹೊಸದಲ್ಲ. ತಾಯಿಯನ್ನು ತಾನೇ ಬಿಗಿಹಿಡಿಯುವ ಕೋತಿಮರಿಯೋ, ತಾಯಿ ಕಚ್ಚಿಕೊಂಡು ಹೋಗುವ ಬೆಕ್ಕಿನಮರಿಯೋ ಎಂದು ಶ್ರೀವೈಷ್ಣವರ ವಡಗಲೈ, ತೆಂಗಲೈ ಪಂಥಗಳು ಶತಮಾನಗಳಿಂದ ವಾದಿಸಿದ್ದು ಇದನ್ನೇ. ತೆರೇಸಾ ಎರಡರ ನಡುವೆ ನಿಲ್ಲುತ್ತಾಳೆ. ಅವಳ ಬಳಿ ಕಲಿತ ಕಿರಿಯ ಸನ್ಯಾಸಿನಿಯೊಬ್ಬಳು ನೆನಪಿಸಿಕೊಂಡ ಹೋಲಿಕೆಯಲ್ಲಿ, ನಿಲ್ಲಲು ಈಗಷ್ಟೇ ಕಲಿತ ಮಗು ಮೆಟ್ಟಿಲ ಬುಡದಲ್ಲಿದೆ. ಕಾಲೆತ್ತುತ್ತದೆ, ಬೀಳುತ್ತದೆ, ಮತ್ತೆ ಎತ್ತುತ್ತದೆ. ಮೊದಲ ಮೆಟ್ಟಿಲೂ ಅದಕ್ಕೆ ದಕ್ಕದು. ಕೊನೆಗೆ ಮೇಲಿದ್ದವನೇ ಇಳಿದು ಬಂದು ಎತ್ತಿಕೊಳ್ಳುತ್ತಾನೆ. ಹತ್ತಿಸುವುದು ಆ ಕಾಲಲ್ಲ, ಆದರೂ ಕಾಲೆತ್ತದೆ ಇರುವಂತಿಲ್ಲ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪವೊಂದಿದೆ: ದೇವರೆದುರು ಮಗುವಾಗಿರು ಎಂಬ ಉಪದೇಶ ಬಹುಬೇಗ, ಮೇಲಿನವರೆದುರು ತುಟಿ ಬಿಚ್ಚಬೇಡ ಎಂದಾಗಿಬಿಡುತ್ತದೆ. ಧರ್ಮಸಭೆಯಲ್ಲಿ ಹೀಗಾಗಿಲ್ಲವೆಂದು ಹೇಳಲಾರೆ. ಆದರೆ ತೆರೇಸಳ ನಡೆ ಬೇರೆ. 1887ರ ನವೆಂಬರಿನಲ್ಲಿ ಪೋಪ್ 13ನೇ ಲಿಯೋ ಅವರ ದರ್ಶನಕ್ಕೆ ಹೋದಾಗ ಯಾರೂ ಮಾತಾಡಕೂಡದೆಂಬ ಅಪ್ಪಣೆಯಿತ್ತು. 14ರ ಹುಡುಗಿ ಮಾತಾಡಿದಳು. ಮಠ ಸೇರಲು ಅನುಮತಿ ಬೇಡುತ್ತ, ಅವರ ಮಂಡಿಯ ಮೇಲೆ ಕೈಯೂರಿ ಕದಲದೆ ಉಳಿದಳು. ಕಾವಲಿನವರು ಎಬ್ಬಿಸಿ ಕರೆದೊಯ್ಯಬೇಕಾಯಿತು. ಮಕ್ಕಳಿಗೆ ಹಟವೂ ಉಂಟೆಂಬುದನ್ನು ಉಪದೇಶಕರು ಮರೆಯುತ್ತಾರೆ. ಸಕ್ಕರೆ ಬೆರೆತದ್ದು ಆಮೇಲೆ. ಅವಳ ಬರಹವನ್ನು 1898ರಲ್ಲಿ 'ಒಂದು ಆತ್ಮದ ಕಥೆ'ಯಾಗಿ ಅಚ್ಚಿಗೆ ಕೊಟ್ಟ ಅಕ್ಕ ಪೌಲಿನ್, ಸಾವಿರಾರು ಕಡೆ ತಿದ್ದಿದಳು. ಇನ್ನೊಬ್ಬ ಅಕ್ಕ ಸೆಲಿನ್ ಫೋಟೋಗಳ ಮುಖವನ್ನೇ ನಯಗೊಳಿಸಿದಳು. ತೆರೇಸಾ ಬರೆದದ್ದು ಬರೆದ ಹಾಗೆ ಹೊರಬಂದದ್ದು 1956ರಲ್ಲಿ.

ನಾಲ್ಕರ ವಯಸ್ಸಿಗೇ ತಾಯಿಯನ್ನು ಕಳೆದುಕೊಂಡವಳು ದೇವರಲ್ಲಿ ಆಸರೆ ಹುಡುಕಿದಳು, ಅಷ್ಟೇ ಎನ್ನುವವರೂ ಇದ್ದಾರು. ಧರ್ಮವೆಂದರೆ ಅಸಹಾಯಕ ಮಗು ತಂದೆಗಾಗಿ ಹಂಬಲಿಸುವುದು ಎಂಬ ವಾದವನ್ನು ಫ್ರಾಯ್ಡ್ ಪುಸ್ತಕವಾಗಿಸಿದ್ದು 1927ರಲ್ಲಿ. ರೋಮ್ ತೆರೇಸಳನ್ನು ಪ್ರೇಷಿತಕಾರ್ಯದ ಪಾಲಕಿಯೆಂದು ಸಾರಿದ್ದೂ ಅದೇ ವರ್ಷ. ಆದರೆ ಹಂಬಲದಿಂದ ಹುಟ್ಟಿದ ಭ್ರಮೆ ಸಮಾಧಾನವನ್ನಾದರೂ ಕೊಡಬೇಕಲ್ಲ? 1896ರಲ್ಲಿ, ಗುರುವಾರ ಕಳೆದು ಶುಭಶುಕ್ರವಾರ ಹುಟ್ಟುವ ನಡುರಾತ್ರಿ, ಅವಳ ಬಾಯಿಗೆ ಏನೋ ಉಕ್ಕಿಬಂತು. ದೀಪ ಆಗಲೇ ಆರಿಸಿದ್ದಳು. ಬೆಳಗಿನವರೆಗೆ ಕಾದು ಕರವಸ್ತ್ರ ನೋಡಿದರೆ ರಕ್ತ. ಈಸ್ಟರ್ ಹೊತ್ತಿಗೆ ಒಳಗೂ ಕತ್ತಲೆ ಕವಿಯಿತು. ಸಾವಿನಾಚೆ ಬರೀ ಶೂನ್ಯವೆಂದು ಆ ಕತ್ತಲೆ ಅಣಕಿಸುತ್ತಿದ್ದುದನ್ನು ಅವಳೇ ಬರೆದಿದ್ದಾಳೆ. ಸಾಯುವವರೆಗಿನ ಒಂದೂವರೆ ವರ್ಷ ಅದು ಕರಗಲಿಲ್ಲ. ವಿಶ್ವಾಸಪ್ರಮಾಣವನ್ನು ತನ್ನ ರಕ್ತದಲ್ಲೇ ಬರೆದು ಎದೆಗೆ ಇಟ್ಟುಕೊಂಡಳು. ನೋವು ಮಿತಿಮೀರಿದಾಗ, ಇಂಥ ರೋಗಿಗಳ ಕೈಗೆಟುಕುವಲ್ಲಿ ವಿಷದ ಔಷಧಿ ಇಡಬಾರದೆಂದು ಎಚ್ಚರಿಸಿದಳು; ಅದನ್ನು ಬರೆದಿಟ್ಟವಳು, ಸೋಜಿಗವೆಂದರೆ, ತಿದ್ದುವ ಕೈಯ ಅದೇ ಪೌಲಿನ್. ದೇವರಿದ್ದಾನೆಂದು ಇದರಿಂದ ಸಾಬೀತಾಗದು. ಫ್ರಾಯ್ಡ್‌ನ ವಿವರಣೆ ಇವಳಿಗೆ ಹೊಂದದು ಎಂಬಷ್ಟನ್ನು ಮಾತ್ರ ಹೇಳಬಲ್ಲೆ.

ಈ 'ಪುಟ್ಟ ದಾರಿ'ಯನ್ನು ತೂಗಿನೋಡಬೇಕೆನ್ನುವವರು ಅವಳ ಆತ್ಮಕಥೆಯ ಹಸ್ತಪ್ರತಿಗಳಲ್ಲಿ ಬಾಲ್ಯದ ಸವಿನೆನಪುಗಳ ಮೊದಲನೆಯದರಲ್ಲೇ ನಿಂತುಬಿಡಬಾರದು. 1897ರ ಜೂನಿನಲ್ಲಿ ಶುರುಮಾಡಿದ ಕೊನೆಯದನ್ನು ಮೊದಲು ಓದಲಿ. ಅದರ ಕಟ್ಟಕಡೆಯ ಸಾಲುಗಳು ಪೆನ್ಸಿಲ್ಲಿನಲ್ಲಿವೆ. ಶಾಯಿಯ ಲೇಖನಿ ಹಿಡಿಯುವಷ್ಟು ತ್ರಾಣ ಅವಳ ಕೈಯಲ್ಲಿ ಉಳಿದಿರಲಿಲ್ಲ.