ಸಂಘದ ಸಭಾಂಗಣವೂ ಪಾರಿಜಾತದ ರಾತ್ರಿಯೂ

ಬೆಲ್ಲದ ಬಾಗೇವಾಡಿಯಲ್ಲಿ ಬೆಳೆದವನಿಗೆ ಸಂಸ್ಕೃತಿಯ ಕೇಂದ್ರವೆಂಬುದು ಮೊದಲು ಕಟ್ಟಡವಾಗಿ ತೋರುವುದಿಲ್ಲ. ಇಲ್ಲಿಂದ ಮೂಡಲಕ್ಕಿರುವ ಗೋಕಾಕ ಸೀಮೆಯಲ್ಲಿ ಕುಲಗೋಡ ತಮ್ಮಣ್ಣನು ಶ್ರೀಕೃಷ್ಣ ಪಾರಿಜಾತವನ್ನು ಆಟವಾಗಿ ತಿದ್ದಿ ಬೆಳೆಸಿದುದೂ, ಕೌಜಲಗಿ ನಿಂಗಮ್ಮನವರು ಗಂಡಸರೇ ಹೆಣ್ಣುವೇಷ ಧರಿಸುತ್ತಿದ್ದ ಆ ರಂಗವನ್ನೇರಿ ಸ್ತ್ರೀಕಂಠಕ್ಕೆ ಅಲ್ಲಿ ಮನ್ನಣೆಯನ್ನು ಗಳಿಸಿದುದೂ ಸಭಾಭವನದ ಆಶ್ರಯದಿಂದಲ್ಲ, ಊರ ಬಯಲಿನಲ್ಲಿ ಬೆಳಗಿನವರೆಗೆ ಕದಲದೆ ಕುಳಿತ ಮಂದಿಯ ಆಶ್ರಯದಿಂದ.

ಆದರೂ ಸಂಘಗಳ ಉಪಕಾರವನ್ನು ಅಲ್ಲಗಳೆಯುವುದು ಕೃತಘ್ನತೆಯಾದೀತು. ಮುಂಬಯಿ ಪ್ರಾಂತದ ಕಚೇರಿ ಶಾಲೆಗಳಲ್ಲಿ ಮರಾಠಿಯೇ ಪ್ರಬಲವಾಗಿದ್ದ ದಿನಗಳಲ್ಲಿ, 1890ರಲ್ಲಿ, ರಾ. ಹ. ದೇಶಪಾಂಡೆಯವರು ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವನ್ನು ಸ್ಥಾಪಿಸಿದರು. ಆ ಸಂಘವು ಗ್ರಂಥಕರ್ತರಿಗೆ ನೆರವಾಗಿ, 1896ರಿಂದ ‘ವಾಗ್ಭೂಷಣ’ ಪತ್ರಿಕೆಯನ್ನು ಪ್ರಕಟಿಸಿ, ಓದುವವರನ್ನೇ ಹೊಸದಾಗಿ ಸೃಷ್ಟಿಸಿತೆಂಬುದು ನನ್ನ ದೃಷ್ಟಿಯಲ್ಲಿ ಅದರ ಪರಮ ಸಾಧನೆ. ಹೊರನಾಡಿನಲ್ಲಿ 1926ರ ಮುಂಬಯಿಯ ಮೈಸೂರು ಅಸೋಸಿಯೇಷನ್, ಅಲ್ಲಿಯದೇ ಆದ 1933ರ ಕರ್ನಾಟಕ ಸಂಘ, 1948ರ ದೆಹಲಿ ಕರ್ನಾಟಕ ಸಂಘ ಇವೆಲ್ಲ ಊರು ಬಿಟ್ಟವರಿಗೆ ಮಾತೃಭಾಷೆಯ ನೆರಳಾದುವು. ಇವುಗಳಲ್ಲಿ ಅಸೋಸಿಯೇಷನ್ನು ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗದೊಡನೆ ನಡೆಸುವ ದತ್ತಿ ಉಪನ್ಯಾಸಗಳನ್ನೂ, ‘ನೇಸರು’ ಪತ್ರಿಕೆಯನ್ನೂ ನಾನು ಅದರ ರಂಗಮಂದಿರಕ್ಕಿಂತ ಹೆಚ್ಚಿನದೆಂದು ಎಣಿಸುತ್ತೇನೆ.

ನನ್ನ ಆಕ್ಷೇಪವಿರುವುದು ಬೇರೊಂದು ರೂಢಿಯ ಬಗೆಗೆ. ಹೊರನಾಡಿನ ಸಭೆಯೊಂದರಲ್ಲಿ, ಸ್ವಾಗತ, ಹಾರ, ಸನ್ಮಾನಗಳಲ್ಲಿ ಸಂಜೆಯು ಸರಿದ ಮೇಲೆ, ನಮ್ಮ ಕಡೆಯ ಪಾರಿಜಾತದ ಮೇಳವೊಂದಕ್ಕೆ ಉಳಿದುದು ಒಂದು ಗಂಟೆ ಮಾತ್ರ. ನಾರದನು ತಂದ ಹೂವು ರುಕ್ಮಿಣಿಯ ಮುಡಿಗೇರಿದುದೂ ಸತ್ಯಭಾಮೆ ಮುನಿದುದೂ ಹೇಗೋ ಮುಗಿದುವು. ಆದರೆ ಕೂಡಿದ ಜನರ ಮುಖ ನೋಡಿ ಭಾಗವತನೂ ದೂತಿಯೂ ಹಿಗ್ಗಿಸುತ್ತ ಹೋಗುವ ಸಂವಾದವೂ, ಕೊರವಂಜಿಯ ಕಣಿಯೂ ಕತ್ತರಿಸಿಹೋದುವು. ಆಟದ ಜೀವವಿದ್ದುದು ಅಲ್ಲಿಯೇ. ಉಳಿದುದು ಕಿರೀಟ, ಭುಜಕೀರ್ತಿ ಮತ್ತು ಛಾಯಾಚಿತ್ರ. ನೋಡಿದವರು ಚಪ್ಪಾಳೆ ತಟ್ಟಿದರು. ಪಾರಿಜಾತವನ್ನು ಕಂಡೆವೆಂದೇ ಭಾವಿಸಿ ಮನೆಗೆ ನಡೆದರು. ನನಗೆ ಬಹಳ ನೋವಾಯಿತು.

ಕಲೆಯನ್ನು ಮೊದಲು ಪೋಷಿಸಬೇಕಾದುದು ಎಲ್ಲಿ ಎಂಬ ವಿಷಯದಲ್ಲಿ ದೂರದ ತೈವಾನ್ ದ್ವೀಪವು ಹಿಡಿದ ಕ್ರಮವು ವಿಚಾರಯೋಗ್ಯವಾಗಿದೆ. ಅಲ್ಲಿಯ ಸರಕಾರವು 1977ರಲ್ಲಿಯೇ ಪ್ರತಿಯೊಂದು ಜಿಲ್ಲೆ ನಗರಗಳಲ್ಲಿಯೂ ಗ್ರಂಥಾಲಯಸಹಿತವಾದ ಸಂಸ್ಕೃತಿ ಕೇಂದ್ರವನ್ನು ಕಟ್ಟುವ ಯೋಜನೆಯನ್ನು ಕೈಗೊಂಡಿತು. ಪ್ಯಾರಿಸ್ಸಿನಲ್ಲಿ ಅದರ ಕೇಂದ್ರವು ತೆರೆದುದು 1994ರ ಸುಮಾರಿಗೆ, ಟೋಕಿಯೋದಲ್ಲಿ 2015ರಲ್ಲಿ. ಮೊದಲು ಮನೆ, ಅನಂತರ ಪರದೇಶ. ನಮ್ಮಲ್ಲಿಯೂ ಬೆಳಗಾವಿಯಲ್ಲಿ, ಸುಳೇಭಾವಿಯಲ್ಲಿ ಹುಟ್ಟಿದ ಗಾಯಕ ಕುಮಾರ ಗಂಧರ್ವರ ಹೆಸರಿನ ರಂಗಮಂದಿರವಿದೆ, ಸಂತೋಷ. ಆದರೆ ಕುಲಗೋಡಿನ ಹುಡುಗನೊಬ್ಬನು ಪಾರಿಜಾತದ ಪದಗಳನ್ನು ಕಲಿಯಲು ಹಾರ್ಮೋನಿಯಂ ಬಾರಿಸುವ ಹಿರಿಯನ ಮಗ್ಗುಲಲ್ಲಿಯೇ ವರ್ಷಗಟ್ಟಲೆ ಕೂಡಬೇಕು, ಆ ಹಿರಿಯನ ಅನ್ನದ ಚಿಂತೆಯನ್ನು ಹೊರುವ ಕೇಂದ್ರವೇ ನಮಗೆ ಬೇಕಾದುದು.

ಮೇಳವನ್ನು ಮುಂಬಯಿಗೋ ದೆಹಲಿಗೋ ಕರೆಸುವ ಮಹನೀಯರಲ್ಲಿ ನನ್ನ ಬಿನ್ನಹವಿಷ್ಟೇ: ಹಾರಗಳನ್ನು ಮರುದಿನಕ್ಕಿರಿಸಿ, ಒಂದು ಇಡೀ ರಾತ್ರಿಯನ್ನು ಅವರಿಗೆ ಕೊಡಿರಿ, ಕೊರವಂಜಿಯು ಬರುವ ಹೊತ್ತಿಗೆ ನಿಮ್ಮ ಮಕ್ಕಳನ್ನು ಎಬ್ಬಿಸಿ ಹಿಮ್ಮೇಳದ ಹತ್ತಿರ ಕೂಡ್ರಿಸಿರಿ.