ನಾಮಶೋಧದಲ್ಲಿ ಒಂದು ಪಾಠದೋಷ

ಪೈಥಾನ್ ಭಾಷೆಯನ್ನು ಕಲಿಸುವ ಪುಸ್ತಕಗಳು ಅಂತರ್ಜಾಲದ ಅಧ್ಯಾಯಕ್ಕೆ ಬಂದೊಡನೆ ಮೆರೆಸುವ ಫಂಕ್ಷನ್ನುಗಳಲ್ಲಿ ‘ಗೆಟ್‌ಹೋಸ್ಟ್‌ಬೈನೇಮ್’ ಎಂಬುದಕ್ಕೆ ಅಗ್ರಸ್ಥಾನವುಂಟು. ಡೊಮೇನ್ ಹೆಸರೊಂದನ್ನು ಕೊಟ್ಟರೆ ಐಪಿ ವಿಳಾಸವೊಂದನ್ನು ತಂದೊಪ್ಪಿಸುವ ಅದರ ಒಂದು ಸಾಲಿನ ಲಾಘವವನ್ನು ಅಧ್ಯಾಪಕರು ಹೊಗಳುತ್ತ ಬಂದಿದ್ದಾರೆ. ಆ ಹೊಗಳಿಕೆಯ ಬಹುಭಾಗ ಅನರ್ಹವಾದುದೆಂದೂ, ಕನ್ನಡ ಹೆಸರುಗಳ ಮಟ್ಟಿಗಂತೂ ಅದು ಓದುಗನನ್ನು ದಾರಿ ತಪ್ಪಿಸತಕ್ಕುದೆಂದೂ ನನ್ನ ಮತ. ಬಿಎಸ್‌ಡಿ ಯುನಿಕ್ಸಿನ 4.2ನೆಯ ಆವೃತ್ತಿಯೊಡನೆ 1983ರಲ್ಲಿ ಹೊರಬಂದು, ಪರ್ಲಿಗೂ ಪೈಥಾನಿಗೂ ಸಿ ಭಾಷೆಯಿಂದ ದಾಯಭಾಗವಾಗಿ ದೊರೆತ ಈ ಫಂಕ್ಷನ್ನು ಐಪಿ ಆರನೆಯ ಆವೃತ್ತಿಯ ವಿಳಾಸಗಳನ್ನು ಕಾಣದು. ಪೈಥಾನಿನಲ್ಲಿ ಹಲವು ವಿಳಾಸಗಳಿದ್ದಲ್ಲಿಯೂ ಒಂದನ್ನೇ ಕೊಡುವುದು. ಉತ್ತರ ಬರುವ ತನಕ ಪ್ರೋಗ್ರಾಮನ್ನು ನಿಲ್ಲಿಸಿಯೇ ಇಡುವುದು. ಇವು ಬಲ್ಲವರೆಲ್ಲ ಬಲ್ಲ ಕುಂದುಗಳಾದ್ದರಿಂದ ಇಲ್ಲಿ ಚರ್ಚಿಸೆನು. ನಾನು ಹಿಡಿದು ನೋಡಬೇಕೆಂದಿರುವುದು ಹೆಸರು ಆ ಫಂಕ್ಷನ್ನಿನ ಕೈಗೆ ಸೇರಿದ ಮೇಲೆ, ಡಿಎನ್‌ಎಸ್ ಸರ್ವರಿಗೆ ಪ್ರಶ್ನೆಯಾಗಿ ಹೊರಡುವುದಕ್ಕೆ ಮುನ್ನ, ಅದಕ್ಕೆ ಏನಾಗುತ್ತದೆ ಎಂಬ ಒಂದೇ ಸ್ಥಳವನ್ನು.

ಫಲ್ಗುಣಿ ನದಿಗೂ ಅರಬ್ಬೀ ಸಮುದ್ರಕ್ಕೂ ನಡುವೆ ಮರಳಿನ ಉದ್ದನೆಯ ಪಟ್ಟಿಯಾಗಿ ಚಾಚಿಕೊಂಡಿರುವ, ಮಂಗಳೂರಿನ ಬಂದರಿನಿಂದ ಕಡವಿನ ದೋಣಿಯಲ್ಲಿ ದಾಟಿ ಹೋಗತಕ್ಕ ಬೆಂಗ್ರೆಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಅಲ್ಲಿನ ಮೀನುಗಾರರು ತಮ್ಮೂರ ಹೆಸರಿನಲ್ಲಿ ‘ಬೆಂಗ್ರೆ.ಭಾರತ’ ಎಂಬ ಡೊಮೇನನ್ನು ಪಡೆದರೆಂದು ಭಾವಿಸಿರಿ. ಕನ್ನಡ ಲಿಪಿಯ ‘.ಭಾರತ’ ಊಹೆಯ ವಸ್ತುವಲ್ಲ, ಡಿಎನ್‌ಎಸ್‌ನ ಮೂಲಪಟ್ಟಿಯಲ್ಲಿ ನಿಕ್ಸಿ ಸಂಸ್ಥೆಯ ನಿರ್ವಹಣೆಯಲ್ಲಿ ಇರುವಂಥದು. ಡಿಎನ್‌ಎಸ್ ವ್ಯವಹಾರ ಇಂಗ್ಲಿಷ್ ಅಕ್ಷರ, ಅಂಕಿ, ಹೈಫನ್ನುಗಳಲ್ಲಿ ನಡೆಯತಕ್ಕುದಾದ್ದರಿಂದ, ‘ಬೆಂಗ್ರೆ’ ಎಂಬ ಏಳು ಸಂಕೇತಗಳ ಹೆಸರು ಪ್ಯೂನಿಕೋಡ್ ಎಂಬ ಲಿಪ್ಯಂತರಕ್ಕೆ ಒಳಗಾಗಿ, ಎಕ್ಸ್, ಎನ್, ಎರಡು ಹೈಫನ್, ಅನಂತರ ಮೂರು, ಆರ್, ಸಿ, ಆರು, ಬಿ, ಮೂರು, ಸಿ, ಎಸ್, ಎ, ಒಂದು, ಐ, ಡಿ, ಒಂದು, ಸಿ ಎಂದಾಗುತ್ತದೆ. ಕರ್ಣಕಠೋರವಾದರೂ ಇದು ಪ್ರಾಮಾಣಿಕವಾದ ಲಿಪ್ಯಂತರ. ಹಿಂದಕ್ಕೆ ಓದಿದರೆ ಎಳ್ಳಷ್ಟೂ ವ್ಯತ್ಯಾಸವಿಲ್ಲದೆ ‘ಬೆಂಗ್ರೆ’ಯೇ ದೊರೆಯುವುದು. ಪರ್ಲ್ ಭಾಷೆಯ ಫಂಕ್ಷನ್ನು ಈ ಕೆಲಸಕ್ಕೆ ಕೈಯಿಕ್ಕದೆ ಅದನ್ನು ಪ್ರೋಗ್ರಾಮ್ ಬರೆಯುವವನ ಹೊಣೆಗೇ ಬಿಡುತ್ತದೆ. ಪೈಥಾನು 2003ರ 2.3ನೆಯ ಆವೃತ್ತಿಯಿಂದ ಈಚೆಗೆ ತಾನಾಗಿ ಮಾಡುತ್ತದೆ, ಮತ್ತು ಈ ಔದಾರ್ಯಕ್ಕಾಗಿಯೇ ಅದಕ್ಕೆ ಹೆಚ್ಚಿನ ಪ್ರಶಂಸೆ.

ಈಗ ಬೆಂಗ್ರೆಯಿಂದ ನದಿಯ ಈಚೆ ದಡಕ್ಕೆ, ಟಿಪ್ಪುವಿನ ಕಾವಲುಗೋಪುರವಿರುವ ಬೋಳೂರಿನ ಕಡೆಗೆ ಬರೋಣ. ‘ಸುಲ್ತಾನ್‌ಬತ್ತೇರಿ’ ಎಂದು ಆ ಗೋಪುರದ ಹೆಸರನ್ನು ಒಂದೇ ಪದವಾಗಿ ಬರೆಯುವಾಗ ನಕಾರದ ಹಲಂತ ಹಲಂತವಾಗಿಯೇ ಉಳಿದು, ಬಕಾರ ತನ್ನ ಸಾಲಿನಲ್ಲಿಯೇ ನಿಲ್ಲಬೇಕಾದರೆ, ನಡುವೆ ಝಡ್‌ಡಬ್ಲ್ಯುಎನ್‌ಜೆ ಎಂಬ ಅಗೋಚರ ವಿಭಾಜಕ ಸಂಕೇತವನ್ನು ಇಡಬೇಕೆಂಬುದು ಕನ್ನಡ ಟೈಪಿಸುವ ಎಲ್ಲರಿಗೂ ಗೊತ್ತು. ಈ ಹೆಸರನ್ನು ಪೈಥಾನಿನ ಫಂಕ್ಷನ್ನಿಗೆ ಕೊಟ್ಟರೆ, ಇಂಗ್ಲಿಷೇತರ ಲಿಪಿಗಳ ಡೊಮೇನ್ ಹೆಸರುಗಳನ್ನು ಕುರಿತ 2003ರ ಐಡಿಎನ್‌ಎ ನಿಯಮದ ಪೂರ್ವಸಂಸ್ಕಾರದಲ್ಲಿ ‘ಶೂನ್ಯಕ್ಕೆ ಪರಿವರ್ತಿಸತಕ್ಕವು’ ಎಂಬ ಪಟ್ಟಿಯೊಂದಿದ್ದು, ಆ ಪಟ್ಟಿಯಲ್ಲಿ ನಮ್ಮ ವಿಭಾಜಕವೂ ಅದರ ಜೊತೆಗಾರ ಝಡ್‌ಡಬ್ಲ್ಯುಜೆಯೂ ಸೇರಿರುವುದರಿಂದ, ‘ಸುಲ್ತಾನ್ಬತ್ತೇರಿ’ ಎಂದು ಬಕಾರವನ್ನು ನಕಾರದ ಕೆಳಗೆ ಒತ್ತಾಗಿ ಇಳಿಸಿದ ಬೇರೊಂದು ಹೆಸರು ಸರ್ವರಿಗೆ ಹೋಗುತ್ತದೆ. ಎಚ್ಚರಿಕೆಯಿಲ್ಲ, ದೋಷಸಂದೇಶವಿಲ್ಲ. ತುಳುವಿನ ಹ್ರಸ್ವಾಂತ್ಯವನ್ನು ಕನ್ನಡ ಲಿಪಿಯಲ್ಲಿ ಹಲಂತದಿಂದ ಸೂಚಿಸಿ ‘ಕಡಲ್‌ದ’ ಎಂದು ಬಿಡಿಸಿ ಬರೆಯುವವರಿಗೆ ಈ ಅನ್ಯಾಯ ಇನ್ನೂ ಹೆಚ್ಚಾಗಿ ತಗಲುವುದು.

ಓಲೆಗರಿಗಳನ್ನು ಪ್ರತಿ ಮಾಡಿದ ಲಿಪಿಕಾರರಲ್ಲಿ ಎರಡು ಪಂಗಡಗಳಿದ್ದುವು: ತನಗೆ ತಿಳಿಯದ ಅಕ್ಷರವಿದ್ದಲ್ಲಿ ಸ್ಥಳವನ್ನು ಖಾಲಿ ಬಿಟ್ಟು ಮುಂದುವರಿದವನು ಒಬ್ಬ, ತಿಳಿದಂತೆ ತುಂಬಿ, ತುಂಬಿದ ಗುರುತನ್ನೂ ಉಳಿಸದವನು ಇನ್ನೊಬ್ಬ. ಗ್ರಂಥಸಂಪಾದಕರಿಗೆ ಮೊದಲನೆಯವನಿಂದ ಕಷ್ಟ, ಎರಡನೆಯವನಿಂದ ಅನರ್ಥ. ಹೆಸರನ್ನು ಹೀಗೆ ಸಂಸ್ಕರಿಸಿ ಪ್ಯೂನಿಕೋಡಿಗೆ ಇಳಿಸುವ ಪೈಥಾನಿನ ಸಂಕೇತಕ ಎರಡನೆಯ ಪಂಗಡಕ್ಕೆ ಸೇರಿದುದು.

2003ರ ನಿಯಮ ಹಾಗಿತ್ತು, ಪೈಥಾನು ಅದನ್ನು ಪಾಲಿಸಿತು, ತಪ್ಪೇನು ಎನ್ನುವವರಿದ್ದಾರೆ. ಆದರೆ 2010ರಲ್ಲಿ ಹೊರಬಂದ, ಐಡಿಎನ್‌ಎ 2008 ಎಂಬ ಹೆಸರಿನ ಪರಿಷ್ಕೃತ ನಿಯಮವು ಹಲಂತದ ಬಳಿಕ ಬಂದ ವಿಭಾಜಕವನ್ನು ಹೆಸರಿನ ಅಂಗವೆಂದೇ ಅಂಗೀಕರಿಸಿದೆ. ಜರ್ಮನರ ‘ಎಸ್ಜೆಟ್’ ಅಕ್ಷರವನ್ನು ಎರಡು ಎಸ್‌ಗಳಾಗಿ ಒಡೆಯುತ್ತಿದ್ದ ಹಳೆಯ ಪದ್ಧತಿಯೂ ಅದರಲ್ಲಿಯೇ ರದ್ದಾಯಿತು. ಪೈಥಾನಿನ ಕೈಪಿಡಿಯೋ, ಹೊಸ ನಿಯಮ ಬೇಕಾದವರು ಹೊರಗಿನ ‘ಐಡಿಎನ್‌ಎ’ ಲೈಬ್ರರಿಯನ್ನು ಬಳಸಿಕೊಳ್ಳಿರೆಂದು ಹೇಳಿ ಕೈತೊಳೆದುಕೊಂಡಿದೆ. ಇದರ ಪರಿಣಾಮ ಸ್ವಾರಸ್ಯವಾದುದು. ವೆಬ್ ಪುಟಗಳನ್ನು ತರಿಸಲು ಬಹುಜನರು ಬಳಸುವ ‘ರಿಕ್ವೆಸ್ಟ್ಸ್’ ಲೈಬ್ರರಿಯು ಈ ಹೊರಗಿನ ಲೈಬ್ರರಿಯನ್ನೇ ಆಶ್ರಯಿಸಿರುವುದರಿಂದ, ಒಂದೇ ಸ್ಕ್ರಿಪ್ಟಿನ ಮೂರನೆಯ ಸಾಲು ಗೆಟ್‌ಹೋಸ್ಟ್‌ಬೈನೇಮಿನ ಮೂಲಕ ‘ಸುಲ್ತಾನ್ಬತ್ತೇರಿ’ಯ ವಿಳಾಸವನ್ನು ಕೇಳಿ, ನಾಲ್ಕನೆಯ ಸಾಲು ರಿಕ್ವೆಸ್ಟ್ಸ್‌ನ ಮೂಲಕ ‘ಸುಲ್ತಾನ್‌ಬತ್ತೇರಿ’ಯ ಪುಟವನ್ನು ಬೇಡೀತು, ಬರೆದವನು ಎರಡು ಕಡೆಯಲ್ಲಿಯೂ ಒಂದೇ ಹೆಸರನ್ನು ಬರೆದಿರುವನು. ಎರಡು ಹೆಸರುಗಳ ಒಡೆಯರು ಬೇರೆ ಬೇರೆಯಾಗಿದ್ದ ಪಕ್ಷದಲ್ಲಿ ಏನಾಗುವುದೆಂಬುದನ್ನು ವಾಚಕರೇ ಊಹಿಸಿಕೊಳ್ಳಬಹುದು.

ಗುಣವನ್ನೂ ಹೇಳಬೇಕಷ್ಟೆ. ‘ತೋಟಬೆಂಗ್ರೆ’ಯ ತೋಕಾರದ ಸ್ವರಚಿಹ್ನೆಯನ್ನು ಕೆಲವು ತಂತ್ರಾಂಶಗಳು ಬಿಡಿ ಬಿಡಿ ತುಂಡುಗಳಾಗಿ ಕಳುಹಿಸಿದರೂ, ಹಳೆಯ ಸಂಕೇತಕ ಅವನ್ನು ಕೂಡಿಸಿ ಒಂದೇ ಚಿಹ್ನೆಯಾಗಿಸುವುದು. ಅದು ಒಳ್ಳೆಯ ಕೆಲಸ.

ನನ್ನ ಆಕ್ಷೇಪಕ್ಕೆ ಬರುವ ಪ್ರತ್ಯಾಕ್ಷೇಪಗಳಲ್ಲಿ ಮುಖ್ಯವಾದುದು ಸುರಕ್ಷತೆಯ ಹೆಸರಿನದು. ಕಣ್ಣಿಗೆ ಕಾಣದ ಸಂಕೇತ ಮೋಸಕ್ಕೆ ಮೂಲ, ಅದನ್ನು ಅಳಿಸುವುದೇ ಕ್ಷೇಮ ಎನ್ನುತ್ತಾರೆ. ಮೂಲಪಟ್ಟಿಯ ಹೆಸರುಗಳಿಗೆ ನಿಯಮ ಮಾಡಿದ ನವಬ್ರಾಹ್ಮೀ ಸಮಿತಿಯೂ ಈ ಸಂಕೇತಗಳನ್ನು ಹೊರಗಿಟ್ಟಿದೆಯಲ್ಲವೆ ಎಂದು ಸಾಕ್ಷ್ಯವನ್ನೂ ಒಡ್ಡುತ್ತಾರೆ. ಸಾಕ್ಷ್ಯ ಸತ್ಯ, ಅನುಮಾನ ದುರ್ಬಲ. ಲೋಕಕ್ಕೆಲ್ಲ ಒಂದೇ ಆಗಿರುವ ಮೇಲ್ಮಟ್ಟದ ಪಟ್ಟಿಗೆ ಬೇಕಾದ ಸಂಯಮವನ್ನು ಅದರ ಕೆಳಗಿನ ಪ್ರತಿಯೊಂದು ಊರಿನ ಹೆಸರಿನ ಮೇಲೂ ಹೇರಲಾಗದು. ಅದೂ ಅಲ್ಲದೆ ಆ ಸಮಿತಿ ಸಂಕೇತವುಳ್ಳ ಹೆಸರನ್ನು ತಿರಸ್ಕರಿಸುತ್ತದೆಯೇ ಹೊರತು ಗುಟ್ಟಾಗಿ ತಿದ್ದಿ ಸ್ವೀಕರಿಸುವುದಿಲ್ಲ. ಈ ಭೇದವನ್ನು ನಮ್ಮ ಸುರಕ್ಷಾವಾದಿಗಳು ಗಮನಿಸಿದಂತಿಲ್ಲ. ಇನ್ನು ಮೋಸದ ಮಾತು. ಕನ್ನಡದ ಗಕಾರಕ್ಕೂ ತೆಲುಗಿನ ಗಕಾರಕ್ಕೂ, ಕನ್ನಡದ ರಕಾರಕ್ಕೂ ತೆಲುಗಿನ ರಕಾರಕ್ಕೂ ಇರುವ ರೂಪಸಾಮ್ಯ ಸರ್ವವಿದಿತ. ಕನ್ನಡ ಹೆಸರೊಂದರ ಒತ್ತಿಲ್ಲದ ಬಿಡಿ ಗಕಾರವನ್ನು ಕಿತ್ತು ತೆಲುಗಿನದನ್ನು ಇಟ್ಟರೆ, ತೆರೆಯ ಮೇಲೆ ಬಹುಮಟ್ಟಿಗೆ ಅದೇ ಹೆಸರಾಗಿ ಕಾಣುವ ಅದನ್ನು ಈ ಸಂಕೇತಕ ಸಾವಧಾನವಾಗಿ ಪ್ಯೂನಿಕೋಡಿಗೆ ಇಳಿಸಿ ಸರ್ವರಿಗೆ ಕಳುಹಿಸಿಕೊಡುತ್ತದೆ. ನವಬ್ರಾಹ್ಮೀ ಸಮಿತಿ ಎರಡು ಲಿಪಿಗಳ ಇಂಥ ಅಕ್ಷರಗಳನ್ನು ಪರಸ್ಪರ ಪರ್ಯಾಯಗಳೆಂದು ಗುರುತಿಸಿ, ಒಂದರ ಹೆಸರನ್ನು ಇನ್ನೊಂದರಿಂದ ಕಬಳಿಸದಂತೆ ತಡೆದಿರುವಾಗ, ಆ ಸಮಿತಿಯನ್ನು ಸಾಕ್ಷಿಗೆ ಕರೆಯುವವರು ಅದು ಹೇಳಿದುದರಲ್ಲಿ ತಮಗೆ ಬೇಕಾದ ಅರ್ಧವನ್ನು ಮಾತ್ರ ಕೇಳಿಸಿಕೊಂಡಂತಾಯಿತು. ಕಂಡ ವೇಷಧಾರಿಯನ್ನು ಒಳಗೆ ಬಿಟ್ಟು, ಕಾಣದ ವಿಭಾಜಕವನ್ನು ಅಳಿಸಿಹಾಕುವುದಕ್ಕೆ ಸುರಕ್ಷತೆಯೆಂದು ಹೆಸರಿಡಲು ನಾನು ಒಡಂಬಡೆನು.

ಕನ್ನಡದ ಡೊಮೇನನ್ನು ಟೈಪಿಸುವರಾರು, ಎಲ್ಲರೂ ಗೂಗಲಿನಲ್ಲಿ ಹುಡುಕುವವರೇ ಎಂಬ ಇನ್ನೊಂದು ವಾದಕ್ಕೆ ಇಷ್ಟೇ ಉತ್ತರ: ಸ್ಕ್ರಿಪ್ಟು ಟೈಪಿಸುವುದಿಲ್ಲ. ಪಟ್ಟಿಯಲ್ಲಿದ್ದುದನ್ನು ಓದಿ ಕೇಳುತ್ತದೆ, ಸರ್ವರು ಕೊಟ್ಟುದನ್ನು ನಂಬುತ್ತದೆ.

ಹಾಗಾದರೆ ಕಿಮ್ ಡೇವೀಸರ ಹೊರಗಿನ ಐಡಿಎನ್‌ಎ ಲೈಬ್ರರಿ ನಿರ್ದುಷ್ಟವೇ? ಅಲ್ಲ, ಆದರೂ ಪಾಠಪುಸ್ತಕಗಳು ಅಡಿಟಿಪ್ಪಣಿಗೆ ತಳ್ಳಿರುವ ಅದೇ ನನ್ನ ಆಯ್ಕೆ. ‘ರ‍್ಯಾಂಕ್’ ಎಂಬಲ್ಲಿ ರಕಾರ ಅರ್ಕಾವತ್ತಾಗದೆ ನಿಲ್ಲಬೇಕಾದರೆ, ರಕಾರದ ಬಳಿಕ ಝಡ್‌ಡಬ್ಲ್ಯುಜೆ, ಅದರ ಬಳಿಕ ಹಲಂತ, ಆಮೇಲೆ ಯಕಾರ ಎಂಬ ಕ್ರಮವನ್ನು ಯೂನಿಕೋಡ್ ಕನ್ನಡಕ್ಕೆ ವಿಧಿಸಿದೆ. ಹೊಸ ಐಡಿಎನ್‌ಎ ನಿಯಮವೋ, ಈ ಸಂಕೇತದ ಹಿಂದೆ ಹಲಂತವಿದ್ದರೆ ಮಾತ್ರ ಅದು ಸಿಂಧುವೆನ್ನುತ್ತದೆ. ಹಲಂತ ಮುಂದಿರುವ ನಮ್ಮ ‘ರ‍್ಯಾಂಕ್’ ಅಸಿಂಧುವಾಗುತ್ತದೆ. ರಕಾರದ ಬಳಿಕ, ಹಲಂತಕ್ಕೆ ಮುಂಚೆ ಬಂದ ಈ ಸಂಕೇತ ಕನ್ನಡದಲ್ಲಿ ಸಿಂಧುವೆಂಬ ಒಂದು ಉಪವಿಧಿ ಸೇರಿದರೆ ತೊಡಕು ಹರಿಯುವುದು. ಸೇರುವ ತನಕ ಹಳೆಯ ಸಂಕೇತಕ ಅದನ್ನು ‘ರ್ಯಾಂಕ್’ ಮಾಡಿ ಸದ್ದಿಲ್ಲದೆ ಸಾಗಹಾಕುತ್ತಿರುವುದು. ಡೇವೀಸರ ಲೈಬ್ರರಿಯೋ ಕೆಲಸವನ್ನು ಅಲ್ಲಿಗೇ ನಿಲ್ಲಿಸಿ, ಹೆಸರಿನ ಎಷ್ಟನೆಯ ಸ್ಥಾನದ ಸಂಕೇತ ತನಗೆ ಸಮ್ಮತವಲ್ಲವೆಂಬುದನ್ನು ಅಂಕಿಯಲ್ಲಿ ತಿಳಿಸುತ್ತದೆ.